ಫಾಲ್ಗುಣದ ಕಡಲ ದಂಡೆ

ವಸಂತವೆಂದೊಡನೆ ನಮ್ಮ ಮನಸ್ಸು ಮಾವಿನ ತೋಪಿಗೆ ಓಡುತ್ತದೆ. ಚಿಗುರು, ಹೂವು, ಕೋಗಿಲೆಯ ಕೂಗು, ಊರಾಚೆಯ ದಿಣ್ಣೆಯ ಮೇಲೆ ಕೆಂಡದಂತೆ ಅರಳಿದ ಮುತ್ತುಗ, ಇವಿಷ್ಟೂ ಕೂಡಿದರೆ ವಸಂತ ಬಂದಿತೆಂದು ಒಪ್ಪಿಕೊಳ್ಳುತ್ತೇವೆ. ನಮ್ಮ ಕವಿಗಳೂ ಹೆಚ್ಚಾಗಿ ನಮ್ಮನ್ನು ಕರೆದೊಯ್ದದ್ದು ತೋಟಕ್ಕೆ, ಕಾಡಿಗೆ, ಕೊಳದ ದಡಕ್ಕೆ. ಕಡಲ ದಂಡೆಯ ವಸಂತವೆಂದರೆ ಹೇಗಿರುತ್ತದೆಂದು ಯಾರನ್ನಾದರೂ ಕೇಳಿ ನೋಡಿ. "ಅಲ್ಲಿ ಏನಿದೆ ಸ್ವಾಮಿ? ಮಳೆಗಾಲದಲ್ಲಿ ಮೊರೆತ, ಉಳಿದ ಎಂಟು ತಿಂಗಳು ಅದೇ ನೀರು, ಅದೇ ಮರಳು" ಎಂದಾರು.

ಈ ಮಾತನ್ನು ನಾನು ಒಪ್ಪಲಾರೆ. ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ, ಎಂದರೆ ಫೆಬ್ರುವರಿಯ ನಡುವಿನಿಂದ ಮಾರ್ಚಿಯ ಕೊನೆಯವರೆಗೆ, ನಮ್ಮ ಪಡುಗಡಲಿನ ದಂಡೆಯ ಮೇಲೆ ನಡೆಯುವಷ್ಟು ವ್ಯವಹಾರ ಬೇರೆಲ್ಲಿಯೂ ನಡೆಯುವುದಿಲ್ಲವೇನೋ. ಆದರೆ ಅದರ ಬಗೆ ಬೇರೆ. ತೋಟದಲ್ಲಿ ವಸಂತವೆಂದರೆ ಬರುವವರ ಕಾಲ. ದಂಡೆಯ ಮೇಲೆ ಅದು ಹೊರಡುವವರ ಕಾಲ. ಸಾವಿರಾರು ಮೈಲಿ ದೂರದಿಂದ ಬಂದು, ನಮ್ಮ ಚಳಿಗಾಲವನ್ನು ನಮ್ಮೊಡನೆ ಕಳೆದ ಹಕ್ಕಿಗಳು ಈಗ ಬುತ್ತಿ ಕಟ್ಟುತ್ತಿರುತ್ತವೆ, ಬಟ್ಟೆ ಬದಲಿಸುತ್ತಿರುತ್ತವೆ. ಮದುವೆಯ ಮನೆಯಿಂದ ನೆಂಟರು ಹೊರಡುವ ದಿನದ ಗಡಿಬಿಡಿಯನ್ನು ಬಲ್ಲ ಗೃಹಿಣಿಯರಿಗೆ ಈ ನೋಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಹೊತ್ತು ನಿಮ್ಮನ್ನು ನಾನು ಕರೆದೊಯ್ಯಬೇಕೆಂದಿರುವುದು ಕಾರವಾರದ ದಂಡೆಗೆ. ಮಂಗಳೂರಿನವರಾಗಲಿ, ಮಲ್ಪೆ ಕುಂದಾಪುರಗಳವರಾಗಲಿ, ಹೊನ್ನಾವರದವರಾಗಲಿ ಮುನಿಸಿಕೊಳ್ಳಬೇಕಾಗಿಲ್ಲ. ನಾನು ಹೇಳುವುದರಲ್ಲಿ ಬಹುಪಾಲು ನಿಮ್ಮ ಊರ ನದಿ ಕಡಲು ಸೇರುವಲ್ಲಿಯೂ ಕಾಣಸಿಗುತ್ತದೆ. ಕಾರವಾರವನ್ನು ಆರಿಸಿಕೊಂಡದ್ದಕ್ಕೆ ಕಾರಣ, ಅಲ್ಲಿ ಪಟ್ಟಣ, ಮರಳು, ನದಿಯ ಬಾಯಿ, ಗುಡ್ಡ, ನಡುಗಡ್ಡೆ ಎಲ್ಲವೂ ಒಂದು ಬೆಳಗಿನ ನಡಿಗೆಯೊಳಗೆ ಸೇರಿಕೊಂಡಿವೆ. ರವೀಂದ್ರನಾಥ ಠಾಕೂರರು ಹರಯದಲ್ಲಿ ಇಲ್ಲಿಗೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1884ರಲ್ಲಿ ಪ್ರಕಟವಾದ 'ಪ್ರಕೃತಿರ್ ಪ್ರತಿಶೋಧ್' ನಾಟಕ ಹುಟ್ಟಿದ್ದು ಈ ದಂಡೆಯಲ್ಲಿ. ಇಂದು ದಂಡೆಗೆ ಅವರ ಹೆಸರೇ ಇದೆ. ಹಳೆಯ ಯುದ್ಧನೌಕೆ 'ಚಪಲ'ವನ್ನು ಸಂಗ್ರಹಾಲಯವಾಗಿ ನಿಲ್ಲಿಸಿರುವ ಜಾಗದಿಂದ ಬಡಗು ಮುಖವಾಗಿ ಹೊರಟು, ಕೋಡಿಬಾಗದ ಬಳಿ ಕಾಳಿ ನದಿ ಕಡಲಿಗೆ ಬೀಳುವವರೆಗೆ ನಡೆಯೋಣ. ಸುಮ್ಮನೆ ನಡೆದರೆ ಗಂಟೆಯೊಳಗೆ ಮುಗಿಯುವ ದಾರಿ. ನೋಡುತ್ತ ನಡೆದರೆ ಮೂರು ಗಂಟೆಯೂ ಸಾಲದು.

ಹೊರಡುವ ಮುನ್ನ ಪಂಚಾಂಗ ನೋಡಿಕೊಳ್ಳಿ. ರಾಹುಕಾಲಕ್ಕಾಗಿ ಅಲ್ಲ, ತಿಥಿಗಾಗಿ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಡಲು ಹೆಚ್ಚು ದೂರ ಹಿಂದೆ ಸರಿಯುತ್ತದೆ, ಆ ದಿನಗಳಲ್ಲಿ ಇಳಿತ ಬೀಳುವುದು ನಸುಕಿನ ಸುಮಾರಿಗೆ. ಮುಂದೆ ದಿನದಿನಕ್ಕೆ ಸುಮಾರು ಮುಕ್ಕಾಲು ಗಂಟೆ ತಡವಾಗುತ್ತ ಹೋಗುತ್ತದೆ. ಆದುದರಿಂದ ಪಾಡ್ಯದಿಂದ ತದಿಗೆಯವರೆಗಿನ ಬೆಳಗುಗಳು ಈ ನಡಿಗೆಗೆ ಹೇಳಿ ಮಾಡಿಸಿದವು. ಸಂದೇಹವಿದ್ದರೆ ದಂಡೆಯ ಮೇಲೆ ಬಲೆ ಸರಿಪಡಿಸುತ್ತ ಕುಳಿತ ಯಾರನ್ನಾದರೂ ಕೇಳಿ. ಗಡಿಯಾರ ನೋಡದೆಯೇ ಹೇಳುತ್ತಾರೆ. ಪಡುವಣ ಕರಾವಳಿಯವರಿಗೆ ಇನ್ನೊಂದು ಅನುಕೂಲವಿದೆ. ಸೂರ್ಯ ನಮ್ಮ ಬೆನ್ನ ಹಿಂದಿನ ಗುಡ್ಡಗಳಿಂದ ಏಳುತ್ತಾನೆ. ಬೆಳಕು ನಮ್ಮ ಭುಜದ ಮೇಲಿಂದ ಹಾಯ್ದು ನೇರವಾಗಿ ಹಕ್ಕಿಗಳ ಮೇಲೆ ಬೀಳುತ್ತದೆ, ನಮ್ಮ ಕಣ್ಣು ಕೋರೈಸುವುದಿಲ್ಲ. ನೆಲದ ಕಡೆಯಿಂದ ಬೀಸುವ ತಂಗಾಳಿಗೆ ನೀರೂ ಸಮತಟ್ಟಾಗಿರುತ್ತದೆ. ಹತ್ತು ಗಂಟೆ ಕಳೆದು ಕಡಲ ಗಾಳಿ ತಿರುಗಿದ ಮೇಲೆ ಈ ಸುಖವಿಲ್ಲ.

ಮೊದಲು ದಂಡೆಯ ಮೇಲಂಚು. ಗಾಳಿಮರಗಳ ಸಾಲು ಮುಗಿದು ಮರಳು ತೊಡಗುವ ಈ ಪಟ್ಟಿಯನ್ನು ಎಲ್ಲರೂ ದಾಟಿ ಹೋಗುತ್ತಾರೆ, ನಿಲ್ಲುವವರಿಲ್ಲ. ಗಾಳಿಮರ ನಮ್ಮದಲ್ಲ, ಹತ್ತೊಂಬತ್ತನೆಯ ಶತಮಾನದಲ್ಲಿ ಸೌದೆಗಾಗಿ ನೆಟ್ಟು ಬೆಳೆಸಿದ್ದು. ಠಾಕೂರರು ತಮ್ಮ ನೆನಪುಗಳಲ್ಲಿ ಈ ದಂಡೆಯ ಗಾಳಿಮರಗಳನ್ನು ಮೆಚ್ಚಿ ಬರೆದಿದ್ದಾರೆ. ಅದರ ಕಾಲಡಿಯಲ್ಲಿ ಹಬ್ಬಿರುವ ಅಡುಂಬು ಬಳ್ಳಿ ಮಾತ್ರ ಈ ಮಣ್ಣಿನದೇ. ಆಡಿನ ಗೊರಸಿನ ಆಕಾರದ ಎಲೆ, ನೇರಿಳೆ ಕೊಳವೆಯಂಥ ಹೂವು. ಬೆಳಗಿನಲ್ಲಿ ಅರಳಿ ಬಿಸಿಲೇರಿದಂತೆ ಬಾಡುತ್ತದೆ. ಉಪ್ಪುಗಾಳಿಯಲ್ಲಿ, ಸುಡುವ ಮರಳಿನಲ್ಲಿ ಹಬ್ಬಿಕೊಂಡು ಮರಳನ್ನು ಹಾರಿಹೋಗದಂತೆ ಹಿಡಿದಿಡುವ ಕೆಲಸ ಇದರದು. ದಂಡೆಯನ್ನು ಚೊಕ್ಕಟ ಮಾಡುತ್ತೇವೆಂದು ಇದನ್ನು ಕಿತ್ತೆಸೆಯುವವರನ್ನು ಕಂಡಾಗ ನನಗೆ, ಮನೆ ಗುಡಿಸುತ್ತೇವೆಂದು ಅಡಿಪಾಯದ ಕಲ್ಲು ತೆಗೆಯುವವರ ನೆನಪಾಗುತ್ತದೆ.

ಬಳ್ಳಿಯ ಅಂಚಿನಿಂದ ನೀರಿನ ಕಡೆಗೆ ಮರಳಿನಲ್ಲಿ ತೂತುಗಳು ಕಾಣುತ್ತವೆ. ಒಂದೊಂದರ ಮುಂದೆಯೂ ಬೀಸಣಿಗೆಯಂತೆ ಹರಡಿದ ಹಸಿ ಮರಳು. ಇವು ಮರಳೇಡಿಗಳ ಮನೆ. ಮೈಬಣ್ಣ ಮರಳಿನದೇ, ಓಡಿದಾಗ ನೆರಳು ಕಾಣುತ್ತದೆ, ಏಡಿ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಇದನ್ನು ದೆವ್ವದ ಏಡಿ ಎಂದು ಕರೆದಿರುವುದು ಸುಮ್ಮನೆ ಅಲ್ಲ. ನೋಡಬೇಕೆಂದರೆ ತೂತಿನಿಂದ ಹತ್ತು ಹೆಜ್ಜೆ ದೂರದಲ್ಲಿ ಅಲ್ಲಾಡದೆ ಕುಳಿತುಕೊಳ್ಳಿ. ಮೊದಲು ಎರಡು ಕಣ್ಣು, ಕಡ್ಡಿಯ ತುದಿಗೆ ಸಿಕ್ಕಿಸಿದಂತೆ, ಮೇಲೆ ಬರುತ್ತವೆ. ಆಮೇಲೆ ಒಂದು ಹಿಡಿ ಮರಳು ಹೊರಕ್ಕೆ ಎಸೆಯಲ್ಪಡುತ್ತದೆ. ಆಮೇಲೆ ಯಜಮಾನರು. ಈ ತೂತುಗಳ ಎಣಿಕೆಗೂ ದಂಡೆಯ ಆರೋಗ್ಯಕ್ಕೂ ಸಂಬಂಧವಿದೆ. ವಾಹನ ಓಡಿಸುವ, ಜನ ತುಳಿಯುವ ಜಾಗದಲ್ಲಿ ತೂತು ವಿರಳ. ನದಿಯ ಬಾಯಿಯತ್ತ ಸಾಗಿದಂತೆ ಹೆಚ್ಚುತ್ತವೆ. ಜಗತ್ತಿನ ಹಲವು ಕಡಲ ತೀರಗಳಲ್ಲಿ ವಿಜ್ಞಾನಿಗಳು ಇವನ್ನೇ ಎಣಿಸಿ ದಂಡೆ ಎಷ್ಟು ನಲುಗಿದೆಯೆಂದು ಅಳೆಯುತ್ತಾರೆ. ನೀವೂ ಐವತ್ತು ಹೆಜ್ಜೆಗೆ ಎಷ್ಟು ತೂತು ಎಂದು ಎಣಿಸುತ್ತ ನಡೆಯಬಹುದು. ಮಕ್ಕಳಿಗೆ ಒಳ್ಳೆಯ ಆಟ.

ಇಲ್ಲಿಯೇ ಇನ್ನೊಂದು ಗುರುತನ್ನು ಹುಡುಕಬೇಕು. ಅದೃಷ್ಟವಿದ್ದರೆ ಮಾತ್ರ ಸಿಗುವಂಥದು. ನೀರಿನಿಂದ ಮೇಲಕ್ಕೆ ಬಂದು, ಬಳ್ಳಿಯ ಅಂಚಿನಲ್ಲಿ ಒಂದಿಷ್ಟು ಮರಳು ಕೆದರಿ, ಮತ್ತೆ ನೀರಿಗೆ ಇಳಿದ ಹಾದಿ. ಸುಮಾರು ಎರಡೂವರೆ ಅಡಿ ಅಗಲ. ಎರಡು ಬದಿಗೂ ಹುಟ್ಟು ಹಾಕಿದಂಥ ಗುರುತು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮೊದಲ ಸಲ ಕಂಡವರು ಯಾರೋ ಟ್ರ್ಯಾಕ್ಟರಿನ ಗಾಲಿ ಉರುಳಿಸಿದ್ದಾರೆಂದು ತಿಳಿಯುತ್ತಾರೆ. ಅದು ಆಲಿವ್ ರಿಡ್ಲಿ ಎಂಬ ಕಡಲಾಮೆ ರಾತ್ರಿ ಬಂದುಹೋದ ಗುರುತು. ಒಡಿಶಾದ ಗಹಿರಮಥಾ, ಋಷಿಕುಲ್ಯಾ ದಂಡೆಗಳಲ್ಲಿ ಇವು ಲಕ್ಷಗಟ್ಟಲೆ ಒಟ್ಟಿಗೆ ಏರಿಬರುವುದನ್ನು ನೀವು ಕೇಳಿರಬಹುದು. ನಮ್ಮಲ್ಲಿ ಹಾಗಿಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ, ಇಂದು ಒಂದು, ನಾಡಿದ್ದು ಇನ್ನೊಂದು, ಒಂಟಿಯಾಗಿ ಬರುತ್ತವೆ. ಕಾರವಾರದ ಆಚೆ ದಡದ ದೇವಬಾಗ, ಮಾಜಾಳಿ, ಇತ್ತ ಹೊನ್ನಾವರದ ಕಾಸರಕೋಡು, ಹೀಗೆ ಉತ್ತರ ಕನ್ನಡದ ಉದ್ದಕ್ಕೂ. ಒಂದು ಗೂಡಿನಲ್ಲಿ ನೂರು, ನೂರಿಪ್ಪತ್ತು ಮೊಟ್ಟೆ. ತಾಯಿ ಮೊಟ್ಟೆಯಿಟ್ಟು ಮರಳು ಮುಚ್ಚಿ ಹೋದರೆ ಮುಗಿಯಿತು, ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಮರಳು. ಸೋಜಿಗವೆಂದರೆ, ಹುಟ್ಟುವ ಮರಿ ಹೆಣ್ಣೋ ಗಂಡೋ ಎಂಬುದನ್ನು ಕೂಡ ಮರಳೇ ತೀರ್ಮಾನಿಸುತ್ತದೆ. ಮರಳು ಬಿಸಿಯಾಗಿದ್ದರೆ ಹೆಚ್ಚು ಹೆಣ್ಣು, ತಂಪಾಗಿದ್ದರೆ ಹೆಚ್ಚು ಗಂಡು.

ನಲವತ್ತೈದರಿಂದ ಅರವತ್ತು ದಿನಕ್ಕೆ ಮರಿಗಳು ಹೊರಬೀಳುತ್ತವೆ, ಸಾಮಾನ್ಯವಾಗಿ ಇರುಳಿನಲ್ಲಿ. ಕತ್ತಲಲ್ಲಿ ಎತ್ತ ಬೆಳಕು ಹೆಚ್ಚೋ ಅತ್ತ ಕಡಲು ಎಂಬುದು ಅವಕ್ಕೆ ಹುಟ್ಟಿನಿಂದ ಬಂದ ಪಾಠ. ಲಕ್ಷಾಂತರ ವರ್ಷ ಈ ಪಾಠ ಸರಿಯಾಗಿಯೇ ಇತ್ತು. ದಂಡೆಯ ಉದ್ದಕ್ಕೂ ವಿದ್ಯುದ್ದೀಪಗಳು ಬಂದ ಮೇಲೆ ಮರಿಗಳು ಹೆದ್ದಾರಿಯ ಕಡೆಗೆ ನಡೆಯತೊಡಗಿದವು. ಕಡಲಾಮೆಯನ್ನು ಕೂರ್ಮಾವತಾರವೆಂದು ಕಂಡು, ಬಲೆಗೆ ಬಿದ್ದರೆ ಕುಂಕುಮವಿಟ್ಟು ಕೈಮುಗಿದು ಬಿಟ್ಟುಬಿಡುವ ಮೀನುಗಾರರು ನಮ್ಮ ಕರಾವಳಿಯಲ್ಲಿ ಅನೇಕರಿದ್ದಾರೆ. ಗೂಡಿನ ಸುಳಿವನ್ನು ಅರಣ್ಯ ಇಲಾಖೆಗೆ ಮುಟ್ಟಿಸುವವರೂ ಅವರೇ. ಆಮೇಲೆ ಗೂಡಿನ ಸುತ್ತ ಬಲೆ ಕಟ್ಟಿ, ನಾಯಿನರಿಗಳಿಂದ ಕಾಪಾಡಿ, ಮರಿಗಳನ್ನು ಕಡಲಿಗೆ ಬಿಡುತ್ತಾರೆ. 1972ರ ವನ್ಯಜೀವಿ ಕಾಯಿದೆ ಈ ಪ್ರಾಣಿಗೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿದೆ. ಹಾದಿ ನಿಮ್ಮ ಕಣ್ಣಿಗೆ ಬಿದ್ದರೆ ಅಗೆಯಲು ಹೋಗಬೇಡಿ, ಹಾದಿಯ ಮೇಲೆ ನಡೆಯಲೂ ಬೇಡಿ. ಆ ಗುರುತಿನಿಂದಲೇ ಗೂಡನ್ನು ಪತ್ತೆ ಹಚ್ಚಬೇಕು. ಸಮೀಪದ ಅರಣ್ಯ ಕಚೇರಿಗೆ ತಿಳಿಸಿದರೆ ಸಾಕು.

ಇನ್ನು ನೀರಿನ ಅಂಚಿಗೆ ಬರೋಣ. ನನ್ನ ಮಾತಿನ ತಿರುಳು ಇರುವುದು ಇಲ್ಲಿಯೇ.

ಅಲೆ ಹಿಂದೆ ಸರಿದ ಒಡನೆ ಅದರ ಬೆನ್ನು ಹತ್ತಿ ಓಡಿ, ಮರಳಿಗೆ ಕೊಕ್ಕು ಚುಚ್ಚಿ, ಮುಂದಿನ ಅಲೆ ಬರುವಷ್ಟರಲ್ಲಿ ತಿರುಗಿ ಓಡಿಬರುವ ಬಿಳಿಚು ಹಕ್ಕಿಗಳ ಗುಂಪನ್ನು ನೀವು ನೋಡಿರಬಹುದು. ಕೀಲಿಕೊಟ್ಟ ಗೊಂಬೆಗಳಂತೆ ಕಾಲುಗಳು. ಇದರ ಹೆಸರು ಸ್ಯಾಂಡರ್ಲಿಂಗ್. ಅವು ಹಾದುಹೋದ ಮೇಲೆ ಹಸಿ ಮರಳಿನ ಹೆಜ್ಜೆಯನ್ನು ನೋಡಿ: ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಬೆರಳೇ ಇಲ್ಲ. ಇದರ ದಾಯಾದಿಗಳಿಗೆಲ್ಲ ಹಿಂದೊಂದು ಚಿಕ್ಕ ಬೆರಳಿರುತ್ತದೆ. ಬರಿ ಮರಳಿನ ಮೇಲೆ ಓಡುವುದೇ ಬಾಳಾದ ಹಕ್ಕಿಗೆ ಆ ಬೆರಳು ಬೇಡವಾಗಿರಬೇಕು.

ಇವುಗಳಿಂದ ತುಸು ಮೇಲೆ, ನೀರು ಬಿಟ್ಟುಹೋದ ಒದ್ದೆ ಮರಳಿನಲ್ಲಿ, ಇನ್ನೊಂದು ಗುಂಪು. ಕಂದುಬೂದು ಮೈ, ಬಿಳಿ ಹೊಟ್ಟೆ, ಗುಂಡು ತಲೆ, ದೊಡ್ಡ ಕಣ್ಣು. ನಾಲ್ಕು ಹೆಜ್ಜೆ ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ನೋಡುತ್ತದೆ, ಕುಕ್ಕುತ್ತದೆ; ಮತ್ತೆ ನಾಲ್ಕು ಹೆಜ್ಜೆ. ಮೊದಲಿನದು ಕೊಕ್ಕಿನಿಂದ ತಡಕಾಡುವ ಹಕ್ಕಿ, ಇದು ಕಣ್ಣಿನಿಂದ ಹುಡುಕುವ ಹಕ್ಕಿ. ಪುಸ್ತಕಗಳಲ್ಲಿ ಸ್ಯಾಂಡ್ ಪ್ಲೋವರ್ ಎಂದಿರುತ್ತದೆ. ನಾವು ಮರಳು ಗೊರವ ಎನ್ನೋಣ. ನಿಂತ ಕಡೆ ನಿಂತರೆ ಮರಳಿನ ಹೆಂಟೆಯೋ ಹಕ್ಕಿಯೋ ತಿಳಿಯುವುದಿಲ್ಲ. ಐದಾರು ಕಂಡಿತೆಂದು ಎಣಿಸಿ ಒಂದು ಹೆಜ್ಜೆ ಇಟ್ಟರೆ ಅರವತ್ತು ಏಳುತ್ತವೆ.

ಜನವರಿಯಲ್ಲಿ ಈ ಗುಂಪಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರುವುದಿಲ್ಲ. ಮಾರ್ಚಿ ಬಂದಂತೆ ದುರ್ಬೀನಿನಲ್ಲಿ ನೋಡಿ. ಕೆಲವಕ್ಕೆ ಎದೆಯ ಮೇಲೆ ಇಟ್ಟಿಗೆಯ ಬಣ್ಣದ ಮಸುಕು ಪಟ್ಟಿ ಮೂಡಿರುತ್ತದೆ, ಕೆಲವಕ್ಕೆ ಕಣ್ಣಿನ ಸುತ್ತ ಕಾಡಿಗೆ ತೀಡಿದಂತೆ ಕಪ್ಪು. ವಾರವಾರಕ್ಕೆ ಬಣ್ಣ ಏರುತ್ತದೆ. ಏಪ್ರಿಲ್ ಹೊತ್ತಿಗೆ ಎದೆ ಕೆಂಪೇರಿ, ಮುಖಕ್ಕೆ ಕಪ್ಪು ಪಟ್ಟಿ ಕಟ್ಟಿಕೊಂಡು, ಇದೇ ಹಕ್ಕಿಯೇ ಎಂದು ಅನುಮಾನ ಬರುವಷ್ಟು ಬದಲಾಗಿರುತ್ತವೆ. ಇದು ನಮಗಾಗಿ ಉಟ್ಟ ಬಟ್ಟೆಯಲ್ಲ. ಟಿಬೆಟ್, ಪಾಮೀರ್ ಕಡೆಯ ಪ್ರಸ್ಥಭೂಮಿಯಲ್ಲಿ ಜೊತೆಗಾರರನ್ನು ಹುಡುಕುವಾಗ ತೊಟ್ಟಿರಬೇಕಾದ ಬಟ್ಟೆ. ಅಲ್ಲಿ ಹೋಗಿ ಉಡಲು ಹೊತ್ತಿಲ್ಲವೆಂದು ಇಲ್ಲಿಂದಲೇ ಉಟ್ಟು ಹೊರಡುತ್ತವೆ. ಸ್ಯಾಂಡರ್ಲಿಂಗಿನ ದಾರಿ ಇನ್ನೂ ದೂರ, ಉತ್ತರ ಧ್ರುವದ ಸಮೀಪದ ಹಿಮಭೂಮಿ. ಕಾರವಾರದಿಂದ ಸೈಬೀರಿಯದ ಬಡಗಣ ತುದಿಗೆ ನೇರ ಗೆರೆ ಎಳೆದರೂ ಆರು ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ.

ಈ ಹಕ್ಕಿಯ ತೂಕ ಎಷ್ಟೆಂದಿರಿ? ಐವತ್ತು, ಅರವತ್ತು ಗ್ರಾಂ. ಒಂದು ಕೋಳಿಮೊಟ್ಟೆಯಷ್ಟು. ಅದು ಅಷ್ಟು ದೂರ ಹಾರುವುದು ಕೊಬ್ಬಿನ ಬಲದ ಮೇಲೆ. ಹೊರಡುವ ಮುಂಚಿನ ಕೆಲವು ವಾರಗಳಲ್ಲಿ ಇಂಥ ದಂಡೆಯ ಹಕ್ಕಿಗಳು ತಮ್ಮ ತೂಕವನ್ನು ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಏರಿಸಿಕೊಳ್ಳುತ್ತವೆ. ಆ ಕೊಬ್ಬೇ ಬುತ್ತಿ. ಬುತ್ತಿ ಕಟ್ಟುವ ಜಾಗ, ನೀವು ಈಗ ನಿಂತಿರುವ ಈ ಹತ್ತಿಪ್ಪತ್ತು ಗಜದ ಒದ್ದೆ ಮರಳು. ಅದೂ ದಿನವಿಡೀ ತೆರೆದಿರುವ ಅಂಗಡಿಯಲ್ಲ. ಇಳಿತದ ಕೆಲವು ಗಂಟೆ ಮಾತ್ರ, ಆಮೇಲೆ ನೀರು ಬಂದು ಬಾಗಿಲು ಹಾಕುತ್ತದೆ.

ಆ ಕೆಲವು ಗಂಟೆಗಳಲ್ಲಿ ನಾವು ಏನು ಮಾಡುತ್ತೇವೆ ನೋಡಿ. ಹಕ್ಕಿಗಳ ಗುಂಪು ಕಂಡೊಡನೆ ಮಕ್ಕಳು ಕೈಬೀಸಿ ಓಡುತ್ತಾರೆ, ಗುಂಪು ಒಟ್ಟಿಗೆ ಎದ್ದು ತಿರುವು ತೆಗೆದುಕೊಂಡಾಗ ಮಿಂಚಿದಂತಾಗುತ್ತದೆ, ಎಲ್ಲರಿಗೂ ಸಂತೋಷ. ಈಚೆಗೆ ಮಕ್ಕಳಿಗಿಂತ ದೊಡ್ಡವರೇ ಮುಂದು. ಹಾರುವ ಹಕ್ಕಿಗಳ ನಡುವೆ ನಿಂತ ಚಿತ್ರ ಬೇಕಲ್ಲ! ಅವರು ಹೋದರೆ ದಂಡೆಯ ನಾಯಿಗಳು. ಒಂದು ಬಾರಿ ಎಬ್ಬಿಸಿದರೆ ಹೆಚ್ಚೇನೂ ನಷ್ಟವಿಲ್ಲ. ಆದರೆ ಒಂದು ಬೆಳಗಿನಲ್ಲಿ ಇಪ್ಪತ್ತು ಬಾರಿ ಎಬ್ಬಿಸಿದರೆ? ಒಂದೊಂದು ಹಾರಾಟಕ್ಕೂ ಕೊಬ್ಬು ಖರ್ಚು, ಇಳಿದು ಮತ್ತೆ ನೆಮ್ಮದಿಯಿಂದ ಮೇಯತೊಡಗುವವರೆಗೆ ಹೊತ್ತು ಖರ್ಚು. ಬುತ್ತಿ ತುಂಬದ ಹಕ್ಕಿಗೆ ಎರಡೇ ದಾರಿ: ತಡವಾಗಿ ಹೊರಡುವುದು, ಇಲ್ಲವೆ ಅರೆಹೊಟ್ಟೆಯಲ್ಲಿ ಹೊರಡುವುದು. ಧ್ರುವದ ಬೇಸಿಗೆ ತೀರ ಚಿಕ್ಕದು, ತಡವಾಗಿ ಬಂದವರಿಗೆ ಕಾಯುವುದಿಲ್ಲ. ಅರೆಹೊಟ್ಟೆಯಲ್ಲಿ ಹೊರಟದ್ದು ನಡುದಾರಿಯಲ್ಲಿ ಎಲ್ಲಿ ಬಿದ್ದಿತೆಂದು ನಮಗೆ ಸುದ್ದಿ ಬರುವುದಿಲ್ಲ. ನಮ್ಮ ದಂಡೆಯಲ್ಲಿ ಯಾರೂ ಅದನ್ನು ಕೊಂದಿಲ್ಲ, ಕಲ್ಲೂ ಹೊಡೆದಿಲ್ಲ. ಆದರೂ ಸಾವಿನ ಲೆಕ್ಕದಲ್ಲಿ ನಮ್ಮದೊಂದು ಪಾಲು ಸೇರಿರುತ್ತದೆ.

ಮಾಡಬೇಕಾದ್ದು ಕಷ್ಟದ್ದೇನೂ ಅಲ್ಲ. ಗುಂಪು ಕಂಡ ಕಡೆ ಒಣ ಮರಳಿನ ಮೇಲಕ್ಕೆ ಏರಿ, ಬಳಸಿ ಹೋಗಿ. ಹಕ್ಕಿಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿ ನಿಮ್ಮನ್ನು ನೋಡತೊಡಗಿದರೆ ನೀವು ಆಗಲೇ ಹತ್ತಿರವಾದಿರಿ ಎಂದರ್ಥ, ಅಲ್ಲಿಯೇ ಕುಳಿತುಬಿಡಿ. ಕುಳಿತ ಮನುಷ್ಯನಿಗೆ ಅವು ಹೆದರುವುದು ಕಡಿಮೆ. ಹತ್ತು ನಿಮಿಷ ಕಳೆದರೆ ಅವೇ ನಿಮ್ಮತ್ತ ಮೇಯುತ್ತ ಬಂದಾವು. ಬೆನ್ನಟ್ಟಿದವರಿಗೆ ಸಿಗದ ನೋಟ ಇದು.

ನಡಿಗೆಯ ನಡುವೆ, ದಡದಿಂದ ಬಲೆ ಎಳೆಯುವ ಜಾಗ ಬಂದರೆ ನಿಲ್ಲಿ. ನೂರಾರು ಜನ ಸೇರಿ ಎಳೆಯುತ್ತಿದ್ದ ಹಳೆಯ ರಂಪಣಿ 1970ರ ದಶಕದಲ್ಲಿ ಯಂತ್ರದ ದೋಣಿಗಳು ಬಂದ ಮೇಲೆ ಹಿಂದೆ ಬಿದ್ದಿತು. ಈಗ ಚಿಕ್ಕ ಬಲೆಗಳು, ಚಿಕ್ಕ ಗುಂಪುಗಳು. ಬಲೆ ದಡ ಮುಟ್ಟುವ ಮೊದಲೇ ಮೇಲೆ ಸಭೆ ನೆರೆದಿರುತ್ತದೆ: ಗರುಡ, ಹದ್ದು, ಕಾಗೆ, ಎಲ್ಲಕ್ಕಿಂತ ಹೆಚ್ಚಾಗಿ ಕಡಲಕ್ಕಿಗಳು.

ಕಡಲಕ್ಕಿಗಳ ಬಟ್ಟೆ ಬದಲಾಗುವುದನ್ನು ನೋಡಲು ದುರ್ಬೀನು ಕೂಡ ಬೇಡ. ಚಳಿಗಾಲದಲ್ಲಿ ಇವುಗಳ ತಲೆ ಬಿಳಿ, ಕಿವಿಯ ಹಿಂದೆ ಮಾತ್ರ ದೃಷ್ಟಿಬೊಟ್ಟಿನಂತೆ ಒಂದು ಕಪ್ಪು ಚುಕ್ಕೆ. ಫೆಬ್ರುವರಿಯಲ್ಲಿ ಆ ಚುಕ್ಕೆ ಹರಡತೊಡಗುತ್ತದೆ. ಮೊದಲು ತಲೆಯ ಮೇಲೆ ಬೂದಿ ಚೆಲ್ಲಿದಂತೆ, ಆಮೇಲೆ ತೇಪೆ ಹಾಕಿದಂತೆ, ಕೊನೆಗೆ ಕಾಫಿಪುಡಿಯ ಬಣ್ಣದ ಕುಲಾವಿ ಹಾಕಿಕೊಂಡಂತೆ. ಒಂದೇ ಗುಂಪಿನಲ್ಲಿ ಈ ಎಲ್ಲ ಹಂತದವೂ ಇರುವುದರಿಂದ ನೋಡಲು ತಮಾಷೆಯಾಗಿರುತ್ತದೆ. ಕೆಲವು ಮದುಮಕ್ಕಳು ಪೂರ್ತಿ ಸಿಂಗರಿಸಿಕೊಂಡು ಕುಳಿತಿದ್ದರೆ, ಕೆಲವರಿಗೆ ಇನ್ನೂ ಪೇಟ ಸುತ್ತುವುದು ಮುಗಿದಿಲ್ಲ. ಇವು ಕಂದುತಲೆಯ ಕಡಲಕ್ಕಿಗಳು. ಹೆಸರಿಗೆ ಕಡಲಕ್ಕಿಯಾದರೂ ಮರಿ ಮಾಡುವುದು ಕಡಲಿನಿಂದ ಬಹು ದೂರ, ಬಹು ಎತ್ತರದಲ್ಲಿ: ಟಿಬೆಟಿನ ಸರೋವರಗಳಲ್ಲಿ, ನಮ್ಮದೇ ಲಡಾಖಿನ ತ್ಸೊ ಕರ್‌ನಂಥ ಉಪ್ಪುಕೊಳಗಳ ಬಳಿ, ಸುಮಾರು 4,500 ಮೀಟರ್ ಎತ್ತರದಲ್ಲಿ. ಕಾರವಾರದ ಮೀನಿನ ತುಣುಕಿಗಾಗಿ ಕಾಗೆಯೊಡನೆ ಜಗಳವಾಡುತ್ತಿರುವ ಈ ಹಕ್ಕಿ ಕೆಲವು ವಾರಗಳಲ್ಲಿ ಹಿಮಾಲಯದ ಆಚೆ ಇರುತ್ತದೆ. ಇವುಗಳ ನಡುವೆ ಒಂದೂವರೆಪಟ್ಟು ದೊಡ್ಡದಾದ, ತಲೆ ಇದ್ದಿಲಿನಂತೆ ಕಪ್ಪಾದ, ಹಳದಿ ಕೊಕ್ಕಿನ ಹಕ್ಕಿಯೊಂದು ಗಂಭೀರವಾಗಿ ಕುಳಿತಿದ್ದರೆ ಅದು ಪಲ್ಲಾಸನ ಕಡಲಕ್ಕಿ. ಅದಕ್ಕೆ ಎಲ್ಲರಿಗಿಂತ ಮೊದಲು ಸಿಂಗಾರ ಮುಗಿದಿರುತ್ತದೆ.

ನದಿಯ ಬಾಯಿ ಬಂದಿತು. ಎದುರು ದಡದಲ್ಲಿ ಸದಾಶಿವಗಡದ ಗುಡ್ಡ, ಪಡುವಲಿಗೆ ಆಮೆಯ ಬೆನ್ನಿನಂತಿರುವ ಕೂರ್ಮಗಡ. ಇಲ್ಲಿ ಮರಳಿನ ದಿಬ್ಬಗಳ ಮೇಲೆ ರೀವಗಳು ಒಂದೇ ದಿಕ್ಕಿಗೆ ಮುಖಮಾಡಿ ಸಾಲಾಗಿ ಕುಳಿತಿರುತ್ತವೆ. ಗಾಳಿ ಎತ್ತಲಿಂದಲೋ ಅತ್ತ ಕೊಕ್ಕು. ಒಳಗೆ ತುಸು ದೂರ ಹೋದರೆ ಕಾಂಡ್ಲಾ ಗಿಡಗಳು, ಅವುಗಳ ಬೇರಿನ ನಡುವೆ ಕರಿತಲೆಯ ಮಿಂಚುಳ್ಳಿ. ಆ ಕತೆ ದೊಡ್ಡದು, ಇನ್ನೊಂದು ದಿನಕ್ಕಿರಲಿ. ಈಗ ನೀರಿನ ಮೇಲೆ ಕಣ್ಣಿಡಿ. ತಂಗಾಳಿ ಇನ್ನೂ ಇದ್ದರೆ, ನದಿ ಕಡಲು ಕೂಡುವ ಕಡೆ, ಬೂದುಬಣ್ಣದ ಒಂದು ಬೆನ್ನು ನಿಧಾನವಾಗಿ ಮೇಲೆದ್ದು, ಬಾಗಿ, ಮುಳುಗೀತು. ಬೆನ್ನಿನ ನಡುವೆ ಡುಬ್ಬ, ಅದರ ಮೇಲೆ ಚಿಕ್ಕ ಈಜುರೆಕ್ಕೆ. ಇದು ಡುಬ್ಬಬೆನ್ನಿನ ಡಾಲ್ಫಿನ್. ಆಳ ಕಡಲಿಗೆ ಹೋಗದೆ ದಡದ ನೀರಿನಲ್ಲಿಯೇ ಬಾಳುವುದರಿಂದ ನೆಲದ ಮೇಲೆ ನಿಂತೇ ನೋಡಬಹುದು. ಸಿನಿಮಾದಲ್ಲಿ ಕಂಡಂತೆ ನೆಗೆದು ಕುಣಿಯುವುದನ್ನು ನಿರೀಕ್ಷಿಸಬೇಡಿ. ಉಸಿರು ತೆಗೆದುಕೊಂಡು ತನ್ನ ಪಾಡಿಗೆ ಹೋಗುವ ಸಭ್ಯ ಪ್ರಾಣಿ. ದಡದ ನೀರಿನಲ್ಲಿ ಬಾಳುವುದೇ ಅದಕ್ಕೆ ಅಪಾಯವೂ ಹೌದು. ಬಲೆ, ಬಂದರು, ಕೊಳಚೆ ಎಲ್ಲವೂ ಇರುವುದು ಅಲ್ಲಿಯೇ. ಜಗತ್ತಿನಲ್ಲಿ ಅಳಿವಿನಂಚಿಗೆ ಬಂದ ಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ.

ತಲೆಯೆತ್ತಿದರೆ ಗುಡ್ಡದ ಮೇಲೊಂದು ದೊಡ್ಡ ಹಕ್ಕಿ ಸುತ್ತುತ್ತಿರಬಹುದು. ಗರುಡಕ್ಕೆ ಹೋಲಿಸಿದರೆ ಬಹಳ ದೊಡ್ಡದು; ತಲೆ, ಎದೆ, ಹೊಟ್ಟೆ ಹಾಲಿನಂತೆ ಬಿಳಿ, ರೆಕ್ಕೆಗಳ ಹಿಂದಂಚು ಕಪ್ಪು. ಇದು ಬಿಳಿ ಹೊಟ್ಟೆಯ ಕಡಲ ಹದ್ದು. ಇದು ಎಲ್ಲಿಗೂ ಹೊರಡುವುದಿಲ್ಲ. ಕಡಲಿಗೆ ಹತ್ತಿರದ ಹಿರಿಮರವೊಂದರಲ್ಲಿ ಕಡ್ಡಿಗಳ ಗೂಡು ಕಟ್ಟಿ, ವರ್ಷವರ್ಷವೂ ಅದನ್ನೇ ಸರಿಪಡಿಸಿಕೊಂಡು ಬಾಳುತ್ತದೆ. ಫಾಲ್ಗುಣದ ಹೊತ್ತಿಗೆ ಮರಿಗಳು ರೆಕ್ಕೆ ಬಲಿತು ಹೊರಬಿದ್ದಿರುತ್ತವೆ, ಇಲ್ಲವೆ ಇನ್ನೇನು ಬೀಳುವುದರಲ್ಲಿರುತ್ತವೆ. ಮರ ಹೋದರೆ ಇವುಗಳ ಮನೆತನವೇ ಹೋದಂತೆ. ಗಾಳಿಮರದಷ್ಟು ಬೇಗ ಬೆಳೆಯುವ ಮರಗಳಲ್ಲ ಅವು.

ನಿಮ್ಮ ಬಳಿ ಒಂದು ಚಿಕ್ಕ ಪುಸ್ತಕ, ಪೆನ್ಸಿಲು ಇರಲಿ. ಸಾಲಿಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕ 1941ರಲ್ಲಿ ಮೊದಲು ಬಂದದ್ದು, ಮುದ್ರಣದ ಮೇಲೆ ಮುದ್ರಣ ಕಂಡಿದೆ. ಅದರ ಚಿತ್ರಗಳು ಹೊಸಬರಿಗೆ ಇಂದಿಗೂ ಒಳ್ಳೆಯ ನೆರವು. ಆದರೆ ಹೆಸರು ಗೊತ್ತಾಗದಿದ್ದರೂ ಚಿಂತೆಯಿಲ್ಲ. ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಬೇರೊಂದು ದಾಖಲೆ. ಹಕ್ಕಿ ಮೊದಲು ಬಂದ ದಿನವನ್ನು ಎಲ್ಲರೂ ಗುರುತಿಟ್ಟುಕೊಳ್ಳುತ್ತಾರೆ. ಕೊನೆಯದಾಗಿ ಕಂಡ ದಿನವನ್ನು ಬರೆದಿಟ್ಟವರು ಅಪರೂಪ. ಬರುವುದು ಕಣ್ಣಿಗೆ ಬೀಳುತ್ತದೆ, ಹೋದದ್ದು ಬೀಳುವುದಿಲ್ಲ. ವಾರಕ್ಕೊಮ್ಮೆ ಒಂದೇ ದಾರಿಯಲ್ಲಿ ನಡೆದು, ಎಷ್ಟು ಮರಳು ಗೊರವ, ಅವುಗಳಲ್ಲಿ ಎಷ್ಟಕ್ಕೆ ಎದೆ ಕೆಂಪೇರಿದೆ, ಎಷ್ಟು ಕಡಲಕ್ಕಿಗಳಿಗೆ ಕುಲಾವಿ ಬಂದಿದೆ ಎಂದು ಬರೆಯುತ್ತ ಹೋಗಿ. ಅಂಕೋಲೆಯ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತುರಾಯಿಗಳು ಬೀದಿಗೆ ಬರುವ ಹೊತ್ತಿಗೆ ಹೊರಡುವವರ ಬಣ್ಣ ಎದ್ದು ಕಾಣತೊಡಗಿರುತ್ತದೆ. ಯುಗಾದಿ ಕಳೆದು ಏಪ್ರಿಲ್ ಸಾಗಿದಂತೆ ಎಣಿಕೆ ಇಳಿಯುತ್ತದೆ. ಒಂದು ಬೆಳಗ್ಗೆ ಹೋದಾಗ ದಂಡೆ ಖಾಲಿ.

ಪೂರ್ತಿ ಖಾಲಿಯಲ್ಲ ಎನ್ನಿ. ಕಳೆದ ವರ್ಷ ಹುಟ್ಟಿದ ಕೆಲವು ಮರಳು ಗೊರವಗಳು ಮೊದಲ ಬೇಸಿಗೆಗೆ ತವರಿಗೆ ಮರಳುವುದೇ ಇಲ್ಲ. ಬಣ್ಣವನ್ನೂ ಏರಿಸಿಕೊಳ್ಳದೆ, ಅದೇ ಬೂದು ಬಟ್ಟೆಯಲ್ಲಿ, ಮೇ ತಿಂಗಳ ಬಿಸಿಲಲ್ಲಿಯೂ ಜೂನಿನ ಮೊದಲ ಮಳೆಯಲ್ಲಿಯೂ ಇಲ್ಲಿಯೇ ಉಳಿಯುತ್ತವೆ. ಹೋದವುಗಳಲ್ಲಿ ದೊಡ್ಡವು ಮೊದಲು ಹಿಂತಿರುಗುತ್ತವೆ, ಶ್ರಾವಣದ ಮಳೆ ಬಿಡುವು ಕೊಟ್ಟಾಗ, ಎದೆಯ ಕೆಂಪು ಇನ್ನೂ ಪೂರ್ತಿ ಮಾಸಿರುವುದಿಲ್ಲ. ಆ ವರ್ಷದ ಮರಿಗಳು ಅವುಗಳ ಹಿಂದಿನಿಂದ, ದಾರಿ ತೋರಿಸುವ ಹಿರಿಯರಿಲ್ಲದೆ, ಎಂದೂ ಕಾಣದ ಈ ದಂಡೆಯನ್ನು ಹುಡುಕಿಕೊಂಡು ತಾವೇ ಬರುತ್ತವೆ. ಆಗಸ್ಟ್ ಕೊನೆಗೆ ಕೊಡೆ ಹಿಡಿದು ಕೋಡಿಬಾಗದತ್ತ ಒಮ್ಮೆ ಹೋಗಿ ನೋಡಿ.